ಕಂಡಕ್ಟರ್ ಹೇಳಿದ ‘ಬಲೆ’

ಕಪಾಟು ಚೊಕ್ಕ ಮಾಡುವಾಗ ಹಳೆಯ ಬೂಟಿನೊಳಗಿಂದ ಒಂದು ಬಟ್ಟೆಯ ಗಂಟು ಬಿತ್ತು. ಒಳಗೆ ಉಪ್ಪು, ಹೊಗೆಸೊಪ್ಪಿನ ಪುಡಿ. ಕಾಡಿನಲ್ಲಿ ಕಾಲಿಗೆ ಇಂಬಳ, ಅಂದರೆ ಜಿಗಣೆ, ಹತ್ತಿದರೆ ಉಜ್ಜಲಿಕ್ಕೆಂದು ಕಟ್ಟಿಕೊಟ್ಟದ್ದು. ಘಾಟು ಇನ್ನೂ ಹೋಗಿರಲಿಲ್ಲ, ಎರಡು ಸಲ ಸೀನಿದೆ. ಕಟ್ಟಿಕೊಟ್ಟವರ ನೆನಪಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು. ಅವರ ಮೇಲಲ್ಲ... ಅವರ ಮೇಲೂ ಸ್ವಲ್ಪ.

ಎಲ್ಲರೂ ಅವರನ್ನು ಕಂಡಕ್ಟರ್ ಎನ್ನುತ್ತಿದ್ದರು. ಮೂಡುಬಿದಿರೆ, ಬೆಳ್ತಂಗಡಿ ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ವರ್ಷಗಟ್ಟಲೆ ದುಡಿದವರು. ಫುಟ್‌ಬೋರ್ಡಿನಲ್ಲಿ ನಿಂತೇ ಹಕ್ಕಿ ನೋಡಲು ಕಲಿತರಂತೆ. ಅಳದಂಗಡಿಯ ಹತ್ತಿರದ ಗೋಳಿಮರಕ್ಕೆ ಮಂಗಟ್ಟೆ ಹಕ್ಕಿ ಬರುವ ಹೊತ್ತು ಕೂಡ ಬಸ್ಸಿನ ಟೈಮಿನ ಹಾಗೆ ಅವರಿಗೆ ಬಾಯಿಪಾಠ. ಮೊಣಕಾಲು ಕೈಕೊಟ್ಟ ಮೇಲೆ ಬಸ್ಸು ಬಿಟ್ಟಿದ್ದರು.

ಆಗ ಘಟ್ಟದ ಬುಡದಲ್ಲಿ ಹಕ್ಕಿ, ಚಿಟ್ಟೆ, ಬೆಟ್ಟದ ಹೂಗಳನ್ನು ತೋರಿಸುವ ಮೂರು ದಿನದ ಪ್ರವಾಸವೊಂದು ಶುರುವಾಯಿತು. ಬೆಂಗಳೂರು, ಮೈಸೂರು ಕಡೆಯ ಹತ್ತು ಮಂದಿ. ಗೈಡ್ ಇವರು. ಇವರ ಮಾತಿನಲ್ಲಿ ಮುಕ್ಕಾಲು ಪಾಲು ತುಳು. ಅದನ್ನು ಕನ್ನಡ ಮಾಡಿ ಹೇಳಲೆಂದು, ಮೂಡುಬಿದಿರೆಯಲ್ಲಿ ಪಾಠ ಮಾಡುತ್ತಿದ್ದ ನನ್ನನ್ನು ಸಂಘಟಕರು ಕರೆದಿದ್ದರು. ನನಗಿದ್ದದ್ದು ಅದೊಂದೇ ಕೆಲಸ.

ಮೊದಲ ದಿನ ಬೆಳಿಗ್ಗೆ ಗಂಟು ಕೈಗಿಡುತ್ತಾ ಹೇಳಿದರು: “ಮೇಡಂ, ಇದೊಂದು ಟ್ರಿಪ್ ಸರಿ ಆದ್ರೆ ಇಡೀ ಸೀಸನ್ ನಂಗೇ ಕೊಡ್ತಾರಂತೆ. ಮೆಲ್ಲ ನಡೆಯುದು ಆಗ್ತದೆ ನಂಗೆ. ಬಸ್ಸಲ್ಲಿ ನಿಲ್ಲುದು ಇನ್ನು ಆಗುದೇ ಇಲ್ಲ.”

ಆದರೆ ಸರಿಯಾಗುವ ಲಕ್ಷಣವೇ ಇರಲಿಲ್ಲ! ಕಾಡಿಗೆ ಹೊಕ್ಕರೂ ಅವರ ಗಂಟಲು ಬಸ್ಸಿನಿಂದ ಇಳಿದಿರಲಿಲ್ಲ. “ಮುಂದೆ ಹೋಗಿ, ಮುಂದೆ ಜಾಗ ಉಂಟು” ಎಂದು ಕಾಲುದಾರಿಯಲ್ಲೂ ದೂಡುತ್ತಿದ್ದರು. ಎಲ್ಲರೂ ಹೊರಟರೆ “ರೈಟ್ ಪೋಯಿ!” ಎಂದು ಬಸ್ಸು ಹೊರಡಿಸುವ ಕೂಗು. ಹಕ್ಕಿಗಳೆಲ್ಲ ಹಾರಿ ಎದುರಿನ ಮರ ಖಾಲಿ. ಕರ್ಣಕುಂಡಲದ ಹೂವಿಗೆ ಬಗ್ಗಿದ್ದವರು ಬೆಚ್ಚಿ ಬೀಳುತ್ತಿದ್ದರು. ಎಷ್ಟು ಸಲ ಹೇಳುವುದು ಮಾರಾಯ್ರೆ, ಮೆಲ್ಲ ಮಾತಾಡಿ ಅಂತ! ಹೇಳಿ ಹೇಳಿ ನನಗೆ ಸಾಕೋಸಾಕಾಯಿತು. ಉದ್ದ ಲೆನ್ಸಿನ ಕ್ಯಾಮೆರಾ ಹೊತ್ತಿದ್ದ ಮೈಸೂರಿನ ನಿವೃತ್ತ ಅಧಿಕಾರಿಯೊಬ್ಬರು ಸಂಜೆ ಊಟಕ್ಕೆ ಕೂತಾಗ ಮುಖವನ್ನೇ ಎತ್ತಲಿಲ್ಲ. ಅವರಿಗೆ ಕಾಕರಣೆ ಹಕ್ಕಿ ಬೇಕಿತ್ತು. ಕೆಂಪು ಹೊಟ್ಟೆ, ಕಪ್ಪು ತಲೆಯ, ಕಾಡಿನ ನೆರಳು ಬಿಟ್ಟು ಹೊರಬರದ ಹಕ್ಕಿ ಅದು.

ಎರಡನೇ ದಿನ ತೊರೆಯ ಪಕ್ಕದಲ್ಲಿ ಕಂಡಕ್ಟರ್ ಗಕ್ಕನೆ ನಿಂತರು. ಮುಖ ಅರಳಿತ್ತು. ಕೈಯನ್ನು ಸೊಂಟದ ಮಟ್ಟದಲ್ಲಿ ಬೀಸುತ್ತಾ, ಮೊಟ್ಟಮೊದಲ ಬಾರಿಗೆ, ಪಿಸುಗುಟ್ಟಿದರು: “ಬಲೆ... ಬಲೆ...”

ತುಳುವಿನಲ್ಲಿ ಹಾಗೆಂದರೆ ‘ಬನ್ನಿ’. ಅಧಿಕಾರಿಗೆ ಅದೇನು ಗೊತ್ತು?

“ಬಲೆನಾ? ಎಲ್ರೀ? ಯಾರ್ ಕಟ್ಟಿರೋದು ಇಲ್ಲಿ?” ಎಂದು ಅವರು ಅಬ್ಬರಿಸಿದರು. ಹತ್ತು ಮಂದಿಯೂ ಪೊದೆ ಸರಿಸಿ, ಮರ ನೋಡಿ ಬಲೆ ಹುಡುಕತೊಡಗಿದರು. ಕಂಡಕ್ಟರ್ ದಿಕ್ಕೇ ತೋಚದೆ ಇನ್ನೂ ಜೋರಾಗಿ “ಬಲೆ, ಬಲೆ!” ಎಂದು ಮರ ತೋರಿಸಿದರು. ಕಾಕರಣೆ ಹಾರಿತು. ಒಂದು ಕ್ಷಣ ಕೆಂಪು, ಆಮೇಲೆ ಏನೂ ಇಲ್ಲ.

ನಾನಾದರೂ ಕೂಡಲೇ ಬಾಯಿ ಬಿಡಬಾರದಿತ್ತೇ? ನಕ್ಕೆ. ಹೊಟ್ಟೆ ಹಿಡಿದುಕೊಂಡು, ಕಲ್ಲಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಕೊನೆಗೆ ಅರ್ಥ ಹೇಳಿದಾಗ ಉಳಿದವರೂ ಅಧಿಕಾರಿಯನ್ನು ನೋಡಿ ನಗತೊಡಗಿದರು. ಅವರ ಮುಖ ಕಪ್ಪಿಟ್ಟಿತು. ನಕ್ಕದ್ದು ನಾವು, ಅವರು ಸಿಟ್ಟು ತೀರಿಸಿಕೊಂಡದ್ದು ಕಂಡಕ್ಟರ್ ಮೇಲೆ. ಗೈಡಿನ ಒಂದು ಮಾತೂ ಅರ್ಥವಾಗುವುದಿಲ್ಲ, ಅವನಿಂದಾಗಿಯೇ ಹಕ್ಕಿ ತಪ್ಪಿತು ಎಂದು ಸಂಘಟಕರಿಗೆ ಉದ್ದಕ್ಕೆ ಬರೆದು ಕಳಿಸಿದರು.

ಮರುವಾರ ಸಂಘಟಕರು ನನಗೆ ಫೋನ್ ಮಾಡಿ, ನಿಜಕ್ಕೂ ಏನಾಯಿತು ಎಂದು ಕೇಳಿದರು. ನಾನು ಕ್ಲಾಸಿಗೆ ಹೊರಟಿದ್ದೆ. “ಸ್ವಲ್ಪ ಭಾಷೆಯ ತೊಂದರೆ ಆಯಿತು, ಅಷ್ಟೇ” ಎಂದು ಫೋನ್ ಇಟ್ಟೆ. ಎರಡು ನಿಮಿಷ ನಿಂತು, ಹಕ್ಕಿಯನ್ನು ಮೊದಲು ಕಂಡದ್ದೇ ಅವರು, ಅರ್ಥ ಹೇಳಬೇಕಾದವಳು ನಾನು, ನಾನು ನಗುತ್ತಾ ಕೂತೆ ಎಂದು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಮುಂದಿನ ಟ್ರಿಪ್‌ಗೆ ಬೇರೆ ಗೈಡ್ ಬಂದರು.

ಒಂದೆರಡು ವರ್ಷದ ನಂತರ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಸಿಕ್ಕಿದರು. ತೋಡಾರಿನ ಕಡೆ ಯಾವುದೋ ಮದುವೆ ಹಾಲ್‌ನಲ್ಲಿ ವಾಚ್‌ಮನ್ ಆಗಿದ್ದರಂತೆ. ದಿನವಿಡೀ ನಿಲ್ಲುವ ಕೆಲಸ. ನನ್ನನ್ನು ಕಂಡು ಅವರೇ ನಾಚಿಕೊಂಡರು.

“ನಂದೇ ತಪ್ಪು ಮೇಡಂ. ಆವತ್ತು ‘ಬನ್ನಿ’ ಅಂತ ಹೇಳ್ಬೇಕಿತ್ತು. ಎಂತ ಮಾಡುದು, ತುಂಬ ಖುಷಿಯಾದ್ರೆ ನಂಗೆ ಕನ್ನಡ ಬರುದೇ ಇಲ್ಲ.”

ಫೋನಿನ ವಿಷಯ ನಾಲಗೆಯ ತುದಿಗೆ ಬಂದಿತ್ತು... ಅಷ್ಟರಲ್ಲಿ ನನ್ನ ಬಸ್ಸು ಬಂತು. ಬಸ್ಸು ಬಂತು ಎಂಬುದು ನೆಪ. ಇನ್ನೊಂದು ಬಸ್ಸು ಹತ್ತು ನಿಮಿಷಕ್ಕೆ ಇತ್ತು.

ಕಳೆದ ವರ್ಷ ಅವರು ತೀರಿಕೊಂಡರೆಂದು ಯಾರೋ ಹೇಳಿದರು.

ಮೊನ್ನೆ, ಗಂಟು ಸಿಕ್ಕಿದ ದಿನವೇ, ಹಟ ಹಿಡಿದು ಸಂಘಟಕರ ನಂಬರ್ ಹುಡುಕಿ ಫೋನ್ ಮಾಡಿದೆ. ಆವತ್ತು ಹೇಳದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, “ಯಾವ ಗೈಡ್ ಮೇಡಂ? ಸುಮಾರು ಜನ ಬಂದು ಹೋದ್ರಲ್ಲ. ಹೆಸರೇನು ಅವರದ್ದು?” ಎಂದರು.

ಬಾಯಿ ತೆರೆದೆ. ಮೂರು ದಿನ ಅವರ ಪ್ರತಿಯೊಂದು ಮಾತನ್ನೂ ಕನ್ನಡ ಮಾಡಬೇಕಾಗಿದ್ದವಳು, ಹೆಸರೊಂದನ್ನು ಕೇಳಿಯೇ ಇರಲಿಲ್ಲ.