ಮುಖ ಮುಚ್ಚಿಸುವ ಕೆಲಸದ ರಾಮಮ್ಮ

ಬೆಳಗಿನ ಆರೂವರೆ. ನಾಡಕಚೇರಿಯ ಹಿಂದಿನ ಶೆಡ್ಡಿನಲ್ಲಿ ರಾಮಮ್ಮ ಒಲೆ ಊದುತ್ತಿದ್ದಾರೆ. ಒಲೆಯ ಮೇಲಿರುವುದು ಕಾಫಿಯ ನೀರಲ್ಲ, ಬಟ್ಟೆ. ದೊಡ್ಡ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಯುವ ಬಟ್ಟೆಗಳನ್ನು ಕೋಲಿನಿಂದ ತಿರುವಿ ಹಾಕುತ್ತಾರೆ. ತಲೆಯ ಮೇಲೆ ಅಡ್ಡಡ್ಡ ಕಟ್ಟಿದ ಹಗ್ಗದಲ್ಲಿ ನಿನ್ನೆ ತೊಳೆದವು ಒಣಗುತ್ತಿವೆ. ಹಳೆಯ ಪಂಚೆಯ ತುಂಡು, ಮೈದಾ ಚೀಲದ ತುಂಡು, ಯಾರದೋ ಕಾಟನ್ ಸೀರೆಯ ಸೆರಗು. ಎಲ್ಲದರ ನಾಲ್ಕು ಮೂಲೆಗೂ ರಾಮಮ್ಮನೇ ಲಾಡಿ ಹೊಲಿದಿದ್ದಾರೆ.

"ಈ ಮಳೇಲಿ ಹೊರಗೆ ಹಾಕಿದ್ರೆ ದೀಪಾವಳಿಗೆ ಒಣಗತ್ತೆ" ಎನ್ನುತ್ತಾರೆ. "ಹಂಗಾಗಿ ಒಲೆ ಮೇಲೆ. ಹೊಗೆ ವಾಸ್ನೆ ಅಂತ ಜನ ಬೈತಾರೆ. ಬೈಲಿ. ಒದ್ದೆ ಬಟ್ಟೆ ಕಟ್ಕಂಡು ಇಲ್ಲದ ಶೀತ ಬಂದ್ರೆ ಅದಕ್ಕೂ ನನ್ನೇ ಬೈತಾರಲ್ಲ."

ಹಂದಿಜ್ವರದ ಸುದ್ದಿ ಪುಣೆಯಿಂದ ಬೆಂಗಳೂರಿಗೆ, ಅಲ್ಲಿಂದ ಘಾಟಿ ಹತ್ತಿ ನಮ್ಮ ಕಡೆಗೂ ಬಂದದ್ದು ಈ ಆಗಸ್ಟ್‌ನಲ್ಲಿ. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿರುವ ಈ ಕಚೇರಿಯ ಬಾಗಿಲಿಗೆ ಉಪತಹಸೀಲ್ದಾರ್ ಶಾಂತವೀರಪ್ಪನವರು ಒಂದು ಬೋರ್ಡು ಹಾಕಿಸಿದರು: ಕಚೇರಿಯ ಒಳಗೆ ಮುಖಕ್ಕೆ ಮಾಸ್ಕ್ ಅಥವಾ ಬಟ್ಟೆ ಕಡ್ಡಾಯ. ಮೆಡಿಕಲ್ ಶಾಪಿನಲ್ಲಿದ್ದ ಮಾಸ್ಕುಗಳು ಎರಡೇ ದಿನಕ್ಕೆ ಮುಗಿದವು. ಬಾಗಿಲು ಕಾಯುವ ಅಟೆಂಡರ್ ರಾಮಮ್ಮ ಮನೆಮನೆಗೆ ಹೋಗಿ ಹಳೇ ಬಟ್ಟೆ ಕೇಳಿ ತಂದದ್ದು ಆಗ. ಊರಿನ ಹೆಸರನ್ನು ನಾನು ಬರೆಯುತ್ತಿಲ್ಲ. "ಬರೀಬೇಡ ಮಗಾ, ಸಾಹೇಬ್ರು ಒಳ್ಳೇವ್ರು, ಬೇಜಾರು ಮಾಡ್ಕತಾರೆ" ಎಂದಿದ್ದಾರೆ ರಾಮಮ್ಮ.

ದಿನಕ್ಕೆ ನಲವತ್ತೈವತ್ತು ಬಟ್ಟೆ ಹೋಗುತ್ತವೆ. ಸಂತೆಯ ದಿನ ಅದರ ಎರಡರಷ್ಟು. ಬಟ್ಟೆ ಹಂಚುವುದು ಸುಲಭದ ಭಾಗ. ಎಲೆಅಡಿಕೆ ಹಾಕಿಕೊಂಡು ಬರುವವರದೇ ಕಷ್ಟ. ಮುಖ ಮುಚ್ಚಿದ ಮೇಲೆ ಉಗಿಯುವುದೆಲ್ಲಿ? ಕೆಲವರು ಬಟ್ಟೆಯನ್ನು ಗದ್ದಕ್ಕೆ ಇಳಿಸಿ ಕಿಟಕಿ ಹುಡುಕುತ್ತಾರೆ. ಕೆಲವರು ಮರೆತೇಬಿಡುತ್ತಾರೆ. ಹಾಗೆ ಕೆಂಪಾದ ಬಟ್ಟೆಗಳನ್ನು ರಾಮಮ್ಮ ಬೇರೆ ಇಟ್ಟಿದ್ದಾರೆ. ಕೆಂಪು ಮಾಡಿದವರಿಗೇ ಮುಂದಿನ ಸಲ ಅದನ್ನು ಕೊಡುತ್ತಾರೆ.

ನಾನು ಕೂತು ನೋಡುತ್ತಿದ್ದಾಗಲೇ ಜೀಪಿನಿಂದ ಇಳಿದ ಕಾಫಿ ತೋಟದ ಮಾಲೀಕ ಚನ್ನಕೇಶವ ಗೌಡರು ಬರಿಮುಖದಲ್ಲೇ ಮೆಟ್ಟಿಲು ಹತ್ತಿದರು. ರಾಮಮ್ಮ ಬಟ್ಟೆ ಮುಂದೆ ಹಿಡಿದರು.

"ಏನ್ ಮಾರಾಯ್ತಿ, ನನ್ ಮುಖ ನೋಡಿದ್ರೆ ಹಂದಿಜ್ವರ ಬಂದಂಗೆ ಕಾಣತ್ತಾ?"

"ನಿಮ್ ಮುಖ ಚೆನ್ನಾಗೇ ಇದೆ ಗೌಡ್ರೇ. ಮುಚ್ಕಳಿ."

"ಚೆನ್ನಾಗಿದ್ರೆ ಮುಚ್ಚೋದ್ಯಾಕೆ?"

"ಒಳಗೆ ಎಲ್ರೂ ಮುಚ್ಕಂಡಿದಾರೆ. ನೀವೊಬ್ರೇ ಮುಖ ಬಿಟ್ಕಂಡು ಹೋದ್ರೆ ದೃಷ್ಟಿ ಆಗತ್ತೆ."

ಗೌಡರು ನಗುತ್ತ ಕಟ್ಟಿಕೊಂಡರು. ಮೂಗಿನ ಮೇಲೆ ಸರಿಯಾಗಿ ಬಂದಿದೆಯೇ ಎಂದು ನೋಡಿಯೇ ರಾಮಮ್ಮ ದಾರಿ ಬಿಟ್ಟದ್ದು.

ಈ ಕೆಲಸಕ್ಕೆ ಬರುವ ಮೊದಲು ರಾಮಮ್ಮ ತೋಟದ ಆಳು. ಮಲ್ಲಂದೂರಿನ ಕಡೆ ಹುಟ್ಟಿ, ಮದುವೆಯಾಗಿ ಇತ್ತ ಬಂದವರು. ಗಂಡ ಇದೇ ಕಚೇರಿಯಲ್ಲಿ ಅಟೆಂಡರ್. ತೊಂಬತ್ತೇಳರಲ್ಲಿ ಕಾಮಾಲೆಯಾಗಿ ತೀರಿಕೊಂಡರು. ಅನುಕಂಪದ ಆಧಾರದಲ್ಲಿ ಹೆಂಡತಿಗೆ ಕೆಲಸ ಸಿಗುವಷ್ಟರಲ್ಲಿ ನಾಲ್ಕು ವರ್ಷ ಹೋಯಿತು. ಆ ನಾಲ್ಕು ವರ್ಷವೂ, ಅದಕ್ಕೆ ಮೊದಲೂ ಅವರು ದುಡಿದದ್ದು ಒಂದು ಎಸ್ಟೇಟಿನ ಪಲ್ಪರ್ ಮನೆಯಲ್ಲಿ. ಪಲ್ಪರ್ ಎಂದರೆ ಕೊಯ್ದು ತಂದ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಓಡತೊಡಗಿದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ.

"ಅಲ್ಲಿ ಕೂಗಾಡಿ ಉಪಯೋಗ ಇಲ್ಲ" ಎಂದು ರಾಮಮ್ಮ ವಿವರಿಸುತ್ತಾರೆ. "ಸದ್ದೇ ಇಲ್ದೆ ಬಾಯಾಡ್ಸೋದು. ತುಟಿ ನೋಡಿದ್ರೆ ತಿಳೀತಿತ್ತು. ಮೇಸ್ತ್ರಿ ಎದ್ರಿಗೇ ನಿಂತು ಮೇಸ್ತ್ರೀನ ಬೈತಿದ್ವಿ. ಅವ್ನಿಗೆ ಗೊತ್ತೇ ಆಗ್ತಿರ್ಲಿಲ್ಲ, ಪಾಪ. ಹಲ್ಲು ಕಿಸೀತಿದ್ದ."

ಹಾಗೆ ಬೈಯುವಾಗ ಎದುರಿಗೆ ನಿಲ್ಲುತ್ತಿದ್ದವರು ಕಲ್ಲಮ್ಮ. ರಾಮಮ್ಮನಿಗಿಂತ ಹತ್ತು ವರ್ಷ ದೊಡ್ಡವರು. ಕಲ್ಲಮ್ಮನಿಗೆ ಕಿವಿ ಕೇಳಿಸುವುದು ನಿಂತುಹೋದದ್ದು ಯಾವಾಗ ಎಂದು ಯಾರಿಗೂ ತಿಳಿಯದು, ಸ್ವತಃ ರಾಮಮ್ಮನಿಗೂ. ಒಂದು ದಿನ ಕರೆಂಟು ಹೋಗಿ ಯಂತ್ರ ನಿಂತಿತ್ತು. ಬೆನ್ನ ಹಿಂದಿನಿಂದ ಎಷ್ಟು ಕರೆದರೂ ಕಲ್ಲಮ್ಮ ತಿರುಗಲಿಲ್ಲ. ಆಗಲೇ ಗೊತ್ತಾದದ್ದು. ಎದುರಿಗಿದ್ದವರ ತುಟಿ ಕಂಡರೆ ಇಂದಿಗೂ ಅವರಿಗೆ ಎಲ್ಲವೂ ತಿಳಿಯುತ್ತದೆ. ಮಾತೂ ಚೆನ್ನಾಗಿದೆ, ಸ್ವಲ್ಪ ಜೋರು ಅಷ್ಟೇ. ಹಾಗಾಗಿ ಅವರಿಗೆ ಕಿವಿ ಕೇಳದೆಂಬುದು ಹೊರಗಿನವರಿಗೆ ಗೊತ್ತೇ ಇರಲಿಲ್ಲ.

ವಯಸ್ಸಾಗಿ ಕೆಲಸ ಬಿಟ್ಟ ಮೇಲೆ ಕಲ್ಲಮ್ಮ ಎಸ್ಟೇಟಿನವರು ಆಳುಗಳಿಗೆ ಕೊಡುವ ಲೈನ್ ಮನೆಯನ್ನೂ ಬಿಟ್ಟರು. ರಸ್ತೆ ಬದಿಯ ಸರ್ಕಾರಿ ಜಾಗದಲ್ಲಿ ಒಂದು ಗುಡಿಸಲು ಕಟ್ಟಿಕೊಂಡು, ಆ ಜಾಗದ ಹಕ್ಕುಪತ್ರಕ್ಕೆ ಅರ್ಜಿ ಹಾಕಿದರು. ವಿಚಾರಣೆಗೆ ಕರೆ ಬಂದದ್ದು ಬೋರ್ಡು ಹಾಕಿದ ವಾರವೇ. ಬಾಗಿಲಲ್ಲಿ ಕಲ್ಲಮ್ಮನ ಮುಖಕ್ಕೆ ತಾವೇ ಬಟ್ಟೆ ಕಟ್ಟಿ, ಬೆನ್ನು ತಟ್ಟಿ ಒಳಗೆ ಕಳಿಸಿದವರು ರಾಮಮ್ಮ.

ಒಳಗೆ ಎಲ್ಲರ ಬಾಯಿಯೂ ಮುಚ್ಚಿತ್ತು. ಗುಮಾಸ್ತ ಶ್ರೀಹರಿ ಒಂದೊಂದೇ ಪ್ರಶ್ನೆ ಕೇಳಿದರು. ಕಲ್ಲಮ್ಮ ಅವರ ಕಣ್ಣನ್ನು ನೋಡಿದರು, ಸಾಹೇಬರ ಕಣ್ಣನ್ನು ನೋಡಿದರು, ದೊಡ್ಡವರ ಮುಂದೆ ಸುಮ್ಮನೆ ನಿಲ್ಲಬಾರದೆಂದು ಎಲ್ಲದಕ್ಕೂ ತಲೆಯಾಡಿಸಿದರು. ಆ ಮಧ್ಯಾಹ್ನ ಕಾಫಿ ಕುಡಿಯುತ್ತ ಶ್ರೀಹರಿಯೇ ಸುದ್ದಿ ತೆಗೆದರು.

"ನಿಮ್ ಕಲ್ಲಮ್ಮಂಗೆ ಬೇರೆ ಮನೆ ಇದೆಯಂತಲ್ಲ ರಾಮಮ್ಮ. ಮತ್ಯಾಕೆ ಅರ್ಜಿ ಹಾಕಿದ್ರು?"

"ಯಾರು ಹೇಳಿದ್ದು?"

"ಅವ್ರೇ. ಬೇರೆ ಮನೆ ಇದೆಯಾ ಅಂದೆ, ಹೂಂ ಅಂತ ತಲೆ ಆಡ್ಸಿದ್ರು. ಹಂಗೇ ಬರ್ಕೊಂಡೆ. ಅರ್ಜಿ ವಜಾ ಆಗತ್ತೆ."

ರಾಮಮ್ಮ ಲೋಟ ಕೆಳಗಿಟ್ಟರು. "ಅವ್ಳಿಗೆ ಕಿವಿ ಕೇಳಲ್ಲ ಸ್ವಾಮಿ. ಬಾಯಿ ನೋಡಿ ತಿಳ್ಕಣದು. ನೀವೆಲ್ಲ ಮುಚ್ಕಂಡಿದ್ರಿ. ಅವ್ಳನ್ನ ಒಳಗೆ ಬಿಟ್ಟಿದ್ದು ನಾನು, ನಂಗಾದ್ರೂ ಹೊಳೀಬೇಕಿತ್ತು."

ಶ್ರೀಹರಿ ಅರ್ಧ ಕುಡಿದ ಕಾಫಿ ಬಿಟ್ಟು ರಾಮಮ್ಮನ ಜೊತೆ ಸಾಹೇಬರ ಕೋಣೆಗೆ ಹೋದರು. ಶಾಂತವೀರಪ್ಪನವರು ಮತ್ತೊಮ್ಮೆ ವಿಚಾರಣೆಗೆ ಒಪ್ಪಿದರು. ಆದರೆ ಅರ್ಜಿದಾರರ ಪಟ್ಟಿ ಆ ಶನಿವಾರವೇ ತಾಲ್ಲೂಕಿಗೆ ಹೋಗಬೇಕಿತ್ತು. ಕಲ್ಲಮ್ಮನಿಗೆ ಓದಲು ಬಾರದು, ಬರೆದು ತೋರಿಸುವಂತಿಲ್ಲ.

ಶುಕ್ರವಾರ ನನ್ನ ಆದಾಯ ಪ್ರಮಾಣಪತ್ರಕ್ಕೆಂದು ನಾನು ಅದೇ ಕೋಣೆಯ ಬೆಂಚಿನ ಮೇಲಿದ್ದೆ. ಮುಖಕ್ಕೆ ಕಟ್ಟಿದ ಬಟ್ಟೆಯೊಳಗೆ, ಯಾರೂ ನನ್ನನ್ನು ಗಮನಿಸುವುದಿಲ್ಲವೆಂಬ ಸಮಾಧಾನದಲ್ಲಿ. ಕಲ್ಲಮ್ಮ ಮೇಜಿನ ಮುಂದೆ ನಿಂತರು. ಪಕ್ಕದಲ್ಲಿದ್ದ ರಾಮಮ್ಮ ತಮ್ಮ ತುಟಿ ಕಾಣಲೆಂದು ಮುಖದ ಬಟ್ಟೆಯ ಗಂಟಿಗೆ ಕೈ ಹಾಕಿದರು.

"ತೆಗೀಬೇಡಿ ರಾಮಮ್ಮ" ಎಂದರು ಸಾಹೇಬರು. ಗದರಿಕೆ ಇರಲಿಲ್ಲ ಆ ದನಿಯಲ್ಲಿ. "ಬೋರ್ಡ್ ಹಾಕ್ಸಿದ್ದು ನಾನು. ಇಷ್ಟು ಜನ ನೋಡ್ತಿದಾರೆ. ಇವತ್ತು ಇಲ್ಲಿ ಬಿಟ್ರೆ ನಾಳೆ ಬಾಗಿಲಲ್ಲಿ ನಿಮ್ ಮಾತು ಯಾರು ಕೇಳ್ತಾರೆ?"

ರಾಮಮ್ಮ ಕೈ ಇಳಿಸಿದರು. "ಬೋರ್ಡಲ್ಲಿ ಕಚೇರಿ ಒಳಗೆ ಅಂತ ಇರದಲ್ವಾ ಸ್ವಾಮಿ?"

"ಹೌದು."

ರಾಮಮ್ಮ ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡು ಹೊರಗೆ ನಡೆದೇಬಿಟ್ಟರು. ಎಲ್ಲರೂ ಬಾಗಿಲು ನೋಡುತ್ತಿದ್ದರೆ ಅವರು ಕಾಣಿಸಿಕೊಂಡದ್ದು ಕಿಟಕಿಯಲ್ಲಿ. ಧೋ ಎಂದು ಸುರಿಯುವ ಮಳೆಯಲ್ಲಿ, ಚರಂಡಿಯ ಆಚೆ ಈಚೆ ಒಂದೊಂದು ಕಾಲಿಟ್ಟು ನಿಂತಿದ್ದರು. ಮುಖದ ಬಟ್ಟೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿದ್ದರು. ಕಿಟಕಿಯ ಮೇಲಿನ ಒಂದು ಗಾಜು ಯಾವ ಕಾಲದಲ್ಲೋ ಒಡೆದಿತ್ತು. ಆ ಸಂದಿನಿಂದ ಮಾತು ಹೊರಗೆ ಹೋಗುತ್ತಿತ್ತು.

ಶ್ರೀಹರಿ ಕುರ್ಚಿಯಿಂದೆದ್ದು ಕಲ್ಲಮ್ಮನನ್ನು ಕಿಟಕಿಯ ಕಡೆ ತಿರುಗಿಸಿ ನಿಲ್ಲಿಸಿದರು. ಆಮೇಲೆ ಗಟ್ಟಿಯಾಗಿ ಓದಿದರು: "ಅರ್ಜಿದಾರರು ತಾಲ್ಲೂಕಿನ ಬೇರೆಡೆ ಸ್ವಂತ ಮನೆ ಅಥವಾ ನಿವೇಶನವನ್ನು ಹೊಂದಿರುತ್ತಾರೆಯೇ?" ಗಾಜಿನ ಆಚೆ ರಾಮಮ್ಮನ ಬಾಯಿ ಅಗಲವಾಗಿ, ನಿಧಾನವಾಗಿ ಆಡಿತು. ಸದ್ದಿಲ್ಲ. ಮೂರೇ ಮಾತು ಇರಬೇಕು.

"ಎಲ್ಲಿದೆ ಮನೆ?" ಕಲ್ಲಮ್ಮನ ದನಿ ಇಡೀ ಕಚೇರಿಗೆ ಕೇಳಿತು. "ಲೈನ್ ಮನೆ ಬಿಟ್ಟು ಎರಡು ವರ್ಷ ಆತು. ಈ ಗುಡಿಸ್ಲು ಒಂದೇ ಇರದು."

ಶ್ರೀಹರಿ ಹಳೆಯ ಹೇಳಿಕೆಯ ಮೇಲೆ ಗೆರೆ ಎಳೆದರು. ಇನ್ನೊಂದು ಪ್ರಶ್ನೆ. ಮತ್ತೊಂದು. ಮಕ್ಕಳಿದ್ದಾರಾ? ಒಬ್ಬಳು, ಕೊಪ್ಪದ ಕಡೆ ಕೊಟ್ಟಿದೆ. ಜಾಗ ಎಷ್ಟು ವರ್ಷದಿಂದ? ಪ್ರತಿ ಉತ್ತರವನ್ನೂ ಕಲ್ಲಮ್ಮ ಸಾಹೇಬರ ಬದಲು ಕಿಟಕಿಗೇ ಹೇಳುತ್ತಿದ್ದರು. ನಡುವೆ ಒಮ್ಮೆ ವಿಚಾರಣೆ ಮರೆತು ಗದರಿದರು: "ಕೊಡೆ ನೆಟ್ಟಗೆ ಹಿಡ್ಕಳೇ ಮಾರಾಯ್ತಿ, ಬೆನ್ನೆಲ್ಲ ನೆನೀತಿದೆ."

ಸಾಹೇಬರ ಮುಖದ ಬಟ್ಟೆಯ ಒಳಗೆ ನಗು ಬಂದದ್ದು ಕಣ್ಣಲ್ಲಿ ಕಾಣಿಸಿತು. "ಇದನ್ನೂ ಬರ್ಕೊಳ್ಳಬೇಕಾ ಸಾರ್?" ಎಂದರು ಶ್ರೀಹರಿ.

ಕಲ್ಲಮ್ಮ ಹೆಬ್ಬೆಟ್ಟು ಒತ್ತಿದ ಮೇಲೆ ರಾಮಮ್ಮ ಒಳಗೆ ಬಂದರು, ಬಾಗಿಲಲ್ಲೇ ನಿಂತು ಮುಖ ಮುಚ್ಚಿಕೊಂಡು. ಸೀರೆ ಹಿಂಡಿದರೆ ಅರ್ಧ ಕೊಡ ನೀರು ಬರುತ್ತಿತ್ತೇನೋ. ಮೂರು ದಿನ ಅವರಿಗೆ ಜ್ವರ ಬಂದು, ಎಲ್ಲರೂ ಹೆದರಿ, ಕೊನೆಗೆ ಅದು ಬರೀ ಮಳೆಯ ಜ್ವರವೆಂದು ಡಾಕ್ಟರು ಹೇಳಿದರು. ಆ ಮೂರು ದಿನ ಶೆಡ್ಡಿನ ಒಲೆಗೆ ಬೆಂಕಿ ಹಾಕಿದವರು ಶ್ರೀಹರಿ. "ಅವ್ರು ಒಣಗ್ಸಿದ ಬಟ್ಟೆ ಅರ್ಧ ಸುಟ್ಟೋಗಿತ್ತು" ಎಂದು ರಾಮಮ್ಮ ನಗುತ್ತಾರೆ.

ತಾಲ್ಲೂಕಿಗೆ ಹೋದ ಪಟ್ಟಿಯಲ್ಲಿ ಕಲ್ಲಮ್ಮನ ಹೆಸರಿದೆ. ಸರ್ವೆಯವರು ಬಂದು ಜಾಗ ಅಳೆಯಬೇಕು, ಮೇಲಿನವರ ಸಹಿ ಆಗಬೇಕು. ಹಕ್ಕುಪತ್ರ ಯಾವಾಗ ಬರುತ್ತದೆಂದು ಯಾರೂ ಖಚಿತವಾಗಿ ಹೇಳುವುದಿಲ್ಲ.

ನಿಮಗೇನು ಆಸೆ ಎಂದು ಕೇಳಿದೆ. ಸಂಬಳದ್ದೋ ಬಡ್ತಿಯದೋ ಏನಾದರೂ ಹೇಳುತ್ತಾರೆಂದು ಪೆನ್ನು ಹಿಡಿದು ಕೂತಿದ್ದೆ. ರಾಮಮ್ಮ ಒಲೆಯ ಕೊಳ್ಳಿಯನ್ನು ಒಳಗೆ ತಳ್ಳಿದರು.

"ಹಕ್ಕುಪತ್ರ ಕೊಡೋ ದಿನ ಎಲ್ರನ್ನೂ ಒಳಗೆ ಕೂರ್ಸಿ ಒಬ್ಬೊಬ್ರದೇ ಹೆಸ್ರು ಕೂಗ್ತಾರೆ ಮಗಾ. ಕಲ್ಲಿ ಹೆಸ್ರು ಕೂಗಿದ್ರೆ ಅವ್ಳಿಗೆ ಎಲ್ಲಿ ಕೇಳತ್ತೆ? ನನ್ ಕಡೆ ನೋಡ್ತಾಳೆ. ಅಷ್ಟೊತ್ತಿಗೆ ಈ ರೋಗ ಹೋಗಿ, ಸಾಹೇಬ್ರು ಬೋರ್ಡ್ ತೆಗ್ಸಿದ್ರೆ ಪಕ್ಕದಲ್ಲೇ ನಿಂತು ಹೇಳ್ತೀನಿ. ತೆಗ್ಸದೆ ಇದ್ರೆ ಕಿಟಕಿ ಇದೆಯಲ್ಲ."