ಭಾನುವಾರದ ಹೆಬ್ಬೆಟ್ಟು
ಮುಂಬಯಿಯ ಮಾಟುಂಗದ ಒಂದು ವಸತಿಶಾಲೆಯ ಸೋನಾಲಿ ಬೂಟು ಕಟ್ಟಿಕೊಂಡೇ ಪ್ರಾರ್ಥನೆಗೆ ನಿಲ್ಲುವವಳು, ಇತಿಹಾಸವನ್ನು ಲೋಕಲ್ ರೈಲಿನಲ್ಲೇ ಓದಿ ಮುಗಿಸುವವಳು, ವಾರ್ಡನ್ ಬೈದರೆ ‘ಸಾರಿ ಮಿಸ್, ಲೀಗ್ ಮುಗಿಯೋ ತನಕ ಅಷ್ಟೇ’ ಎನ್ನುವವಳು. ಕ್ಲಬ್ಬಿನ ಫುಟ್‌ಬಾಲ್ ಪಂದ್ಯ ಭಾನುವಾರ ಬೆಳಿಗ್ಗೆ, ಮೈದಾನ ವಾರಕ್ಕೊಂದು ಕಡೆ. ತಾಯಂದಿರ ಭೇಟಿಗೆ ಶಾಲೆ ಕೊಟ್ಟದ್ದೂ ವಾರದಲ್ಲಿ ಅದೇ ಎರಡು ತಾಸು. ಆ ನಿಯಮ ಬರೆದವರನ್ನು ಯಾವ ತಾಯಿ ಹೆತ್ತಳೋ! ಆಂಟಾಪ್ ಹಿಲ್‌ನಿಂದ ರೊಟ್ಟಿ ಗಂಟು ತರುವ ಗಾರೆ ಕೆಲಸದ ಅವಳ ಅವ್ವ ಸುಂದ್ರವ್ವ, ‘ಆಡ್ಲಿ ಬಿಡ್ರೀ ಅಕ್ಕಾರ, ಆಟ ಅಂದ್ರ ಅಕಿಗೆ ಜೀವ’ ಎಂದು ವಾರ್ಡನ್‌ಗೆ ಹೇಳಿ ಎರಡೂ ತಾಸು ಕಾದು, ಗಂಟು ಅಲ್ಲೇ ಬಿಟ್ಟು, ಭೇಟಿಯ ಪುಸ್ತಕದಲ್ಲಿ ಹೆಬ್ಬೆಟ್ಟೊತ್ತಿ ಹೋಗುತ್ತಾಳೆ. ಮಧ್ಯಾಹ್ನ ಗೆದ್ದು ಬಂದ ಮಗಳು, ಗಂಟು ಬಿಚ್ಚುವ ಮೊದಲು ಆ ಪುಸ್ತಕ ತೆರೆದು, ಅವ್ವನ ನೀಲಿ ಗುರುತಿನ ಮೇಲೆ ತನ್ನ ಹೆಬ್ಬೆರಳಿಡುತ್ತಾಳೆ.