ನಾಲ್ಕನೇ ರೂಮಿನ ಮುಲಾಮು

ಪಿರಿಯಾಪಟ್ಟಣದ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಮೂಟೆಯ, ಅಂದರೆ ಬೇಲಿನ, ಒಂದು ತುದಿಯನ್ನು ನಮ್ಮಪ್ಪ ಸಣ್ಣಬೀರಯ್ಯ ಹಿಡಿದರೆ, ಇನ್ನೊಂದು ತುದಿಯನ್ನು ಅಂಕಯ್ಯ ಮಾವ ಹಿಡಿಯುತ್ತಾನೆ. ಹತ್ತೊಂಬತ್ತು ವರ್ಷದಿಂದ ಹೀಗೇ. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬನೂ ಕೆಲಸಕ್ಕೆ ಹೋಗುವುದಿಲ್ಲ.

ಕಳೆದ ದೀಪಾವಳಿ ಆದಮೇಲೆ ಅಪ್ಪನಿಗೆ ನಿದ್ದೆ ಇಲ್ಲದಾಯಿತು. ಮುದ್ದೆ ಮುರಿದು ಸಾರಿಗೆ ಅದ್ದಿ ಹಾಗೇ ಕೂತುಬಿಡುತ್ತಿದ್ದ. ಬಚ್ಚಲಲ್ಲಿ ನೀರು ಹುಯ್ದುಕೊಳ್ಳುವಾಗ ಅಳುತ್ತಿದ್ದ. ಯಾಕೆಂದು ಕೇಳಿದರೆ ತನಗೂ ಗೊತ್ತಿಲ್ಲ ಎನ್ನುತ್ತಿದ್ದ. ಆಸ್ಪತ್ರೆಗೆ ಮಂಗಳವಾರ ಮನಸ್ಸಿನ ಡಾಕ್ಟರು ಬರುತ್ತಾರೆಂದು ಅವ್ವ ವಿಚಾರಿಸಿಕೊಂಡು ಬಂದಳು. ಬಸ್ಸು ಹತ್ತಿಸುವಾಗ, "ಅಲ್ಲಿ ಎಲ್ಲಾನೂ ಯೇಳ್ಬುಡಿ" ಎಂದು ಎರಡು ಸಲ ಹೇಳಿದಳು. ಚೀಟಿ ಮಾಡಿಸಲು ನಾನೂ ಹೋದೆ.

ಆಸ್ಪತ್ರೆ ಗೇಟಿನಲ್ಲಿ ಅಂಕಯ್ಯ ಮಾವ ಸಿಕ್ಕಿದ.

"ಏನಾಗದ್ಲಾ ನಿಂಗೆ?"

"ಬೆನ್ನು ಕಣ್ಲಾ."

"ಮುದ್ಕ ಆದೆ ಬುಡು! ನಾಳಿಂದ ಬೇಲ್ ನಾನೊಬ್ನೇ ಹೊತ್ಕತ್ತೀನಿ, ನೀನು ಬೀಡಿ ಹಚ್ಕೊಡು ಸಾಕು."

ಮಾವ ನಗುತ್ತಲೇ ಒಳಗೂ ಬಂದು, ಅಪ್ಪನ ಹೆಗಲು ಹಿಡಿದು ನಿಂತ. ಡಾಕ್ಟರು ಏನು ತೊಂದರೆ ಎಂದು ಕೇಳಿದರು. ಅಪ್ಪ ಮಾವನ ಮುಖ ನೋಡಿದ, ನನ್ನ ಮುಖ ನೋಡಿದ.

"ಬೆನ್ನು ನೋವು ಸ್ವಾಮಿ."

"ಬೆನ್ನಿಗಾದರೆ ನಾಲ್ಕನೇ ರೂಮಿಗೆ ಹೋಗಿ" ಎಂದರು. ನಾನೂ ಚೀಟಿ ಹಿಡಿದುಕೊಂಡು ಹಿಂದೆ ನಡೆದೆ. ನಾಲ್ಕನೇ ರೂಮಿನಲ್ಲಿ ಒಂದು ಮುಲಾಮು ಕೊಟ್ಟರು.

ಅವತ್ತಿನಿಂದ ದಿನಾ ಬೆಳಿಗ್ಗೆ ಕೆಲಸಕ್ಕೆ ಮುಂಚೆ, ಎಲ್ಲರೆದುರು ತಮಾಷೆ ಮಾಡುತ್ತಾ ಮಾವ ಅಪ್ಪನ ಬೆನ್ನು ತಿಕ್ಕತೊಡಗಿದ. ಮೂರನೆಯ ವಾರ ಅವ್ವ ತಡೆಯಲಾಗದೆ ಅವನನ್ನು ಕರೆದು, "ಅಣ್ಣಾ, ಅವರ ಬೆನ್ನಿಗೆ ಏನೂ ಆಗಿಲ್ಲ" ಎಂದು ಎಲ್ಲವನ್ನೂ ಹೇಳಿದಳು. ಅವ್ವ ಕೊಟ್ಟ ಕಾಫಿ ಕುಡಿಯದೆ ಮಾವ ಎದ್ದು ಹೋದ.

ಮುಂದಿನ ಮಂಗಳವಾರ ಅವನೇ ಅಪ್ಪನನ್ನೂ ನನ್ನನ್ನೂ ಆಸ್ಪತ್ರೆಗೆ ಕರೆದುಕೊಂಡು ಬಂದ. ನನ್ನ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿ, ಅಪ್ಪನಿಗೆ, "ನೀನೊಬ್ನೇ ಓಗ್ಲಾ. ನಾವ್ಯಾರೂ ಕೇಳಿಸ್ಕಳಾಕಿಲ್ಲ" ಎಂದ. ಅಪ್ಪ ಮನಸ್ಸಿನ ಡಾಕ್ಟರ ಬಾಗಿಲ ತನಕ ಹೋದ. ಪರದೆ ಹಿಡಿದುಕೊಂಡು ಬಹಳ ಹೊತ್ತು ನಿಂತ. ಆಮೇಲೆ ಪರದೆ ಬಿಟ್ಟು, ನಮ್ಮ ಕಡೆ ನೋಡದೆ ನಾಲ್ಕನೇ ರೂಮಿಗೆ ನಡೆದ.

ಅದೇ ಮುಲಾಮು ತಂದ. ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡ.

ಈಗಲೂ ದಿನಾ ತಿಕ್ಕುತ್ತಾನೆ, ತಮಾಷೆ ಮಾತ್ರ ಮಾಡುವುದಿಲ್ಲ. ಅಪ್ಪನ ಬೆನ್ನಿನ ಚರ್ಮ ಸುಲಿದಿದೆ. ಮುಲಾಮು ಮುಗಿದು ವಾರವಾಯಿತು. ಅಪ್ಪ ಗೋಡೆ ಕಡೆ ಮುಖ ಮಾಡಿ, "ಇನ್ನೊಂಚೂರು ಮ್ಯಾಕೆ ಕಣ್ಲಾ" ಎನ್ನುತ್ತಾನೆ. ಮಾವ ಬರಿಗೈಯನ್ನೇ ಮೇಲಕ್ಕೆ ಒಯ್ಯುತ್ತಾನೆ.